ಬೀಳುವವರನ್ನು ನೋಡಲು ಹೋಗಿದ್ದೆ: ಟೋಕಿಯೊದಿಂದ ಕ್ಯೋಟೊವರೆಗೆ ಜುಜುತ್ಸು ದಾರಿಯಲ್ಲಿ

ನವೆಂಬರ್ 1, ಟೋಕಿಯೊ

ಜೂಡೊ ಕಲಿತವರು ಟೋಕಿಯೊಗೆ ಬಂದರೆ ಮೊದಲು ಕಾಲಿಡುವ ಜಾಗ ಜೂಡೊದ ಮೂಲ ಶಾಲೆ ಕೊಡೊಕಾನ್. ನಾನೂ ಬ್ಯಾಗ್ ಇಳಿಸಿ, ಸ್ನಾನ ಮಾಡಿ, ನೇರ ಅಲ್ಲಿಗೇ ಹೊರಟೆ. ಜೊತೆಗೆ ಚಿಕ್ಕಪ್ಪನ ಮಗಳು. ಅವಳು ಭಾರತದವರು ಜಾಸ್ತಿ ಇರುವ ನಿಶಿ ಕಸಾಯ್‌ನಲ್ಲಿ ಮನೆ ಮಾಡಿಕೊಂಡಿದ್ದಾಳೆ. ಸಾಫ್ಟ್‌ವೇರ್ ಕೆಲಸ. ಜಪಾನಿ ಭಾಷೆ ಚೆನ್ನಾಗಿ ಬರುತ್ತದೆ. ಯಾವ ಕುಸ್ತಿ, ಕರಾಟೆಯ ಗಂಧವೂ ಅವಳಿಗಿಲ್ಲ. ಆದರೂ ರಜೆ ಹಾಕಿ ನನ್ನ ಜೊತೆ ಸುತ್ತಲು ಒಪ್ಪಿದ್ದಳು.

ಕಸುಗಾ ಸ್ಟೇಷನ್‌ನಿಂದ ಹೊರಬಂದರೆ ಕೊಡೊಕಾನ್ ಪಕ್ಕದಲ್ಲೇ. ಬಾಗಿಲ ಬಳಿ ಜೂಡೊ ಕಟ್ಟಿದ ಕಾನೊ ಜಿಗೊರೊ ಅವರ ಪ್ರತಿಮೆ. ಏಳನೇ ಮಹಡಿಯಲ್ಲಿ 420 ತತಾಮಿ ಚಾಪೆಗಳ ದೊಡ್ಡ ಅಂಕಣ. ಎಂಟನೇ ಮಹಡಿಯಲ್ಲಿ ಕೂತು ಅದನ್ನು ಮೇಲಿಂದ ನೋಡಬಹುದು. ಸಂಜೆಯ ಅಭ್ಯಾಸ ನಡೆದಿತ್ತು. ಅಷ್ಟು ಜನ ಒಟ್ಟಿಗೆ ಬೀಳುವಾಗ ಅಂಗೈ ಚಾಪೆಗೆ ಬಡಿಯುವ ಸದ್ದು ಇಡೀ ಹಾಲ್ ತುಂಬಿತ್ತು. ನಾನು ಮೈಸೂರಿನಲ್ಲಿ ಸಂಜೆ ಮಕ್ಕಳಿಗೆ ಜೂಡೊ ಹೇಳಿಕೊಡುತ್ತೇನೆ. ಮೊದಲು ಕಲಿಸೋದು ಬೀಳೋದನ್ನೇ. ಆದರೂ ಬೀಳುವವರ ಬಗ್ಗೆ ನಾನು ಸರಿಯಾಗಿ ಯೋಚಿಸಲು ಶುರು ಮಾಡಿದ್ದು ಜುಜುತ್ಸು ಅನ್ನುವ ಸಮುರಾಯ್ ಕಾಲದ ಹಿಡಿದಾಟದ ಕಲೆಯ ಪ್ರದರ್ಶನಗಳ ವಿಡಿಯೊ ನೋಡಿದ ಮೇಲೆ. ಈ ಪ್ರವಾಸಕ್ಕೆ ಕಾರಣವೂ ಅದೇ.

ಜೂಡೊ ಆಕಾಶದಿಂದ ಉದುರಿದ್ದಲ್ಲ, ಜುಜುತ್ಸುವಿನಿಂದಲೇ ಬಂದದ್ದು. 1868ರ ನಂತರ ಜಪಾನಿನಲ್ಲಿ ಎಲ್ಲವೂ ಬದಲಾಯಿತು. 1871ರಲ್ಲಿ ಹಳೆಯ ಪಾಳೆಯಪಟ್ಟುಗಳು ಹೋದವು. 1876ರಲ್ಲಿ ಸಮುರಾಯ್‌ಗಳು ಕತ್ತಿ ಧರಿಸಿ ಓಡಾಡುವುದಕ್ಕೂ ನಿಷೇಧ ಬಂತು. ದೊರೆಗಳ ಅನ್ನ ಉಣ್ಣುತ್ತಿದ್ದ ಜುಜುತ್ಸು ಗುರುಗಳು ಬೀದಿಗೆ ಬಿದ್ದರು. ಎಷ್ಟೋ ಜನ ಮೂಳೆ ಕಟ್ಟುವ ಕೆಲಸ ಹಿಡಿದರು. ಕೀಲು ತಪ್ಪಿಸಲು ಗೊತ್ತಿದ್ದವರಿಗೆ ಕೂರಿಸಲೂ ಗೊತ್ತಿರುತ್ತದೆ. ನಮ್ಮ ಗರಡಿ ಉಸ್ತಾದರೂ ಉಳುಕು ತೆಗೆಯುತ್ತಿದ್ದರಲ್ವಾ? ಹದಿನೇಳರ ಹುಡುಗ ಕಾನೊ ಗುರುವನ್ನು ಹುಡುಕಿದ್ದು ಹೀಗೇ, ಮೂಳೆ ಕಟ್ಟುವವರನ್ನು ವಿಚಾರಿಸಿಕೊಂಡು. 1877ರಲ್ಲಿ ತೆನ್ಜಿನ್ ಶಿನ್ಯೊ-ರ್ಯು ಪಂಥದ ಫುಕುದಾ ಹಾಚಿನೊಸುಕೆ ಸಿಕ್ಕರು. ಒಂದು ಪಟ್ಟು ಹಾಕಿದಾಗ ಕಾನೊ ‘ಇದು ಹೇಗೆ?’ ಅಂತ ಕೇಳಿದರಂತೆ. ಫುಕುದಾ ಉತ್ತರ ಹೇಳಲಿಲ್ಲ. ಮತ್ತೆ ಎತ್ತಿ ಹಾಕಿದರು. ಮತ್ತೆ ಕೇಳಿದರೆ ಮತ್ತೆ. ಬಿದ್ದು ಬಿದ್ದೇ ತಿಳಿಯಬೇಕಿತ್ತು. ಮೈತುಂಬ ಮುಲಾಮು ಹಚ್ಚಿಕೊಂಡು ಕಾಲೇಜಿಗೆ ಹೋಗುತ್ತಿದ್ದರಂತೆ ಕಾನೊ.

ಕತ್ತಲಾಗುವ ಮೊದಲು ಹಿಗಾಶಿ ಉಎನೊದ ಎಯ್ಶೊಜಿ ಗುಡಿಗೂ ಹೋಗಿಬಂದೆವು. ಕಟ್ಟಡಗಳ ಮಧ್ಯೆ ಸಿಕ್ಕಿಕೊಂಡ ಪುಟ್ಟ ಬೌದ್ಧ ಗುಡಿ. ಕೊಡೊಕಾನ್ ಹುಟ್ಟಿದ ಜಾಗ ಅಂತ ಒಂದು ಕಲ್ಲು ನಿಲ್ಲಿಸಿದ್ದಾರೆ. 1882ರಲ್ಲಿ ಇಲ್ಲಿ 12 ಚಾಪೆಯ ಜಾಗದಲ್ಲಿ ಕಾನೊ ಶುರು ಮಾಡಿದರು. ಮೊದಲ ವರ್ಷ ಶಿಷ್ಯರು 9 ಜನ. ಇವರು ಎತ್ತಿ ಒಗೆಯುವ ರಭಸಕ್ಕೆ ಗುಡಿಯ ನೆಲ ಕುಸಿಯುತ್ತಿತ್ತು, ರಾತ್ರಿ ಕಾನೊ ನೆಲದಡಿ ತೂರಿ ಮರ ಸರಿಮಾಡುತ್ತಿದ್ದರು ಅಂತ ಹೇಳುತ್ತಾರೆ. 12 ಚಾಪೆ ಅಂದರೆ ಸುಮಾರು 20 ಚದರ ಮೀಟರ್. ಮಧ್ಯಮ ಮನೆಯ ಹಾಲ್ ಅಷ್ಟೇ.

ನವೆಂಬರ್ 2, ಟೋಕಿಯೊ

ಬೆಳಿಗ್ಗೆ ಕುದಾನ್‌ಶಿತಾದಲ್ಲಿ ಇಳಿದು, ತಯಾಸು ಬಾಗಿಲು ದಾಟಿ ನಿಪ್ಪಾನ್ ಬುದೊಕಾನ್ ನೋಡಿದೆವು. ಎಂಟು ಮೂಲೆಯ ಕಟ್ಟಡ. 1964ರ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಜೂಡೊ ಆಡಿಸಿದ್ದು ಇಲ್ಲೇ. ಡಚ್ ಪೈಲ್ವಾನ್ ಆಂಟನ್ ಗೀಸಿಂಕ್ ಜಪಾನಿನ ಕಾಮಿನಾಗಾ ಅವರನ್ನು ಅದುಮಿ ಹಿಡಿದು ಗೆದ್ದದ್ದೂ ಇಲ್ಲೇ. ಪ್ರತಿ ವರ್ಷ ಫೆಬ್ರವರಿಯಲ್ಲಿ ಇಲ್ಲಿ ಹಳೆಯ ಸಮರ ಕಲೆಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ದೇಶದ ಮೂಲೆಮೂಲೆಯಿಂದ ಪಂಥಗಳು ಬರುತ್ತವೆ. ನನಗೆ ಫೆಬ್ರವರಿಯಲ್ಲಿ ರಜೆ ಸಿಗುವುದಿಲ್ಲ. ಹಾಗಾಗಿ ನವೆಂಬರ್ 3ರ ಮೇಯ್ಜಿ ಜಿಂಗೂ ಗುಡಿಯ ಪ್ರದರ್ಶನವನ್ನು ಆರಿಸಿಕೊಂಡಿದ್ದೆ.

ಮಧ್ಯಾಹ್ನ ಜಿಂಬೊಚೊದ ಹಳೆ ಪುಸ್ತಕದ ಬೀದಿ. ನಡೆದು ನಡೆದು ಕಾಲು ಸೋತಿತು. ಬೇಗ ಮಲಗಿದೆವು.

ನವೆಂಬರ್ 3, ಮೇಯ್ಜಿ ಜಿಂಗೂ

ನವೆಂಬರ್ 3ಕ್ಕೆ ಮಳೆ ಬರೋದು ಅಪರೂಪ ಅನ್ನುತ್ತಾರೆ ಇಲ್ಲಿಯವರು. ಆಕಾಶ ತೊಳೆದಿಟ್ಟ ಹಾಗಿತ್ತು. ಮೇಯ್ಜಿ ಚಕ್ರವರ್ತಿ ಹುಟ್ಟಿದ ದಿನ ಇದು, 1852ರಲ್ಲಿ. ಈಗ ಸಂಸ್ಕೃತಿ ದಿನ ಅಂತ ಸರ್ಕಾರಿ ರಜೆ. ಹರಾಜುಕು ಸ್ಟೇಷನ್ ಮುಂದೆ ಕಾಲಿಡಲು ಜಾಗವಿರಲಿಲ್ಲ.

ದೊಡ್ಡ ಮರದ ತೋರಣದ ಕೆಳಗೆ ಎಲ್ಲರೂ ತಲೆಬಾಗಿ ಒಳಗೆ ಹೋಗುತ್ತಾರೆ. 12 ಮೀಟರ್ ಎತ್ತರದ ತೋರಣ. ಆಮೇಲೆ ಜಲ್ಲಿಕಲ್ಲಿನ ಅಗಲ ದಾರಿ, ಎರಡೂ ಕಡೆ ಕಾಡು. ಇದು ತಾನಾಗಿ ಬೆಳೆದ ಕಾಡಲ್ಲ. 1920ರಲ್ಲಿ ತೆರೆದ ಈ ಗುಡಿ ಕಟ್ಟುವಾಗ ದೇಶದ ಎಲ್ಲ ಕಡೆಯಿಂದ ಜನ ಕೊಟ್ಟ ಸುಮಾರು ಒಂದು ಲಕ್ಷ ಗಿಡ ನೆಟ್ಟು ಬೆಳೆಸಿದ್ದು. ದಾರಿ ಪಕ್ಕ ಸೇವಂತಿಗೆ ಹೂವಿನ ಪ್ರದರ್ಶನ. ಮೂರು, ಐದು, ಏಳು ವರ್ಷ ತುಂಬಿದ ಮಕ್ಕಳನ್ನು ದೇವರ ಮುಂದೆ ಕರೆತರುವ ತಿಂಗಳೂ ಇದೇ. ಪುಟ್ಟ ಪುಟ್ಟ ಕಿಮೊನೊ ತೊಟ್ಟ ಮಕ್ಕಳು ಅಜ್ಜಿಯರ ಕೈ ಹಿಡಿದು ನಡೆಯುತ್ತಿದ್ದರು.

ಜನ ಜಾಸ್ತಿ ಸೇರೋದು ಓಡುವ ಕುದುರೆ ಮೇಲಿಂದ ಬಾಣ ಬಿಡುವ ಯಾಬುಸಾಮೆ ನೋಡಲು. ಅದೂ ಇದೇ ದಿನ. ಹಳೆಯ ಸಮರ ಕಲೆಗಳ ಪ್ರದರ್ಶನ ನಡೆಯೋದು ಇನ್ನೊಂದು ಬದಿಯ ದೊಡ್ಡ ಹುಲ್ಲು ಬಯಲಿನಲ್ಲಿ. ಟಿಕೆಟ್ ಇಲ್ಲ, ಕುರ್ಚಿಗೆ ಜಗಳ ಇಲ್ಲ. ಹುಲ್ಲಿನ ಮೇಲೆ ಕೂತುಬಿಟ್ಟರೆ ಆಯಿತು. ಬಯಲಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಒಟ್ಟಿಗೆ ಪ್ರದರ್ಶನ ನಡೆಯುತ್ತದೆ. ಒಂದು ಕಡೆ ಕತ್ತಿ, ಇನ್ನೊಂದು ಕಡೆ ದೊಣ್ಣೆ, ಮತ್ತೊಂದು ಕಡೆ ಬರಿಗೈ. ಯಾವುದನ್ನು ನೋಡೋದು, ಯಾವುದನ್ನು ಬಿಡೋದು ಅಂತ ಮೊದಲು ಸಂಕಟವಾಗುತ್ತದೆ. ನಾನು ಜುಜುತ್ಸು ಪಂಥಗಳು ಬರುವ ಕಡೆಗೇ ಗಟ್ಟಿಯಾಗಿ ಕೂತೆ.

ಒಂದು ವಿಷಯ ಮೊದಲೇ ಹೇಳಬೇಕು. ಇದು ಪಂದ್ಯವಲ್ಲ. ಗೆದ್ದವರು ಸೋತವರು ಇಲ್ಲ, ಅಂಕ ಇಲ್ಲ, ಚಪ್ಪಾಳೆಗೆ ಕಾಯೋದೂ ಇಲ್ಲ. ಇದು ದೇವರಿಗೆ ಸಲ್ಲಿಸುವ ಸೇವೆ. ಬಂದವರು ಮೊದಲು ಗುಡಿಯ ಕಡೆಗೆ ತಿರುಗಿ ನಮಸ್ಕಾರ ಮಾಡುತ್ತಾರೆ. ವಿಜಯದಶಮಿ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ಜಟ್ಟಿ ಕಾಳಗ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ತಲೆ ಬೋಳಿಸಿಕೊಂಡು, ವಜ್ರನಖ ಹಿಡಿದು ಇಳಿದ ಜಟ್ಟಿಗಳಲ್ಲಿ ಒಬ್ಬರಿಗೆ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಆಮೇಲೆ ಇಬ್ಬರೂ ಹೊರಡುತ್ತಾರೆ. ಅದೂ ಸೇವೆಯೇ.

ತೆನ್ಜಿನ್ ಶಿನ್ಯೊ-ರ್ಯು ಸರದಿ ಬಂದಾಗ ನಾನು ಮುಂದಕ್ಕೆ ಜರುಗಿದೆ. ಕಾನೊ ಕಲಿತ ಪಂಥ ಅಲ್ವಾ. 19ನೇ ಶತಮಾನದಲ್ಲಿ ಇಸೊ ಮಾತಾಎಮೊನ್ ಎರಡು ಪಂಥಗಳನ್ನು ಬೆಸೆದು ಕಟ್ಟಿದ್ದು. ಒಟ್ಟು 124 ವರಸೆ ಇವೆ ಅನ್ನುತ್ತಾರೆ. ನೂರು ಜನ ಪುಂಡರ ಜೊತೆ ಹೊಡೆದಾಡಿದ ಮೇಲೆ ಇಸೊ ಅವರಿಗೆ ಒಂದು ಮಾತು ಹೊಳೆಯಿತಂತೆ. ಹಿಡಿಯುವ ಮುಂಚೆ ಮರ್ಮಕ್ಕೆ ಒಂದು ಏಟು ಬೀಳದಿದ್ದರೆ ಹಿಡಿತ ನಿಲ್ಲುವುದಿಲ್ಲ. ಇಂದಿಗೂ ಈ ಪಂಥದ ಪಟ್ಟುಗಳಲ್ಲಿ ಏಟು, ಹಿಡಿತ, ಕುತ್ತಿಗೆ ಬಿಗಿಯೋದು ಮೂರೂ ಬೆರೆತಿವೆ.

ಬಂದವರು ಇಬ್ಬರು. ಒಬ್ಬರಿಗೆ ಎಪ್ಪತ್ತು ದಾಟಿರಬೇಕು. ಸಣಕಲು ಮೈ, ಬಿಳಿ ತಲೆ. ಇನ್ನೊಬ್ಬ ಅವರ ಎರಡು ಪಟ್ಟು ದಪ್ಪದ ಯುವಕ. ಎದುರು ಬದುರು ಮಂಡಿಯೂರಿ ಕೂತರು. ಇಬ್ಬರ ಮಂಡಿಗಳ ಮಧ್ಯೆ ಒಂದೆರಡು ಮುಷ್ಟಿ ಜಾಗ. ಯುವಕ ಹಿರಿಯರ ಎರಡೂ ಮಣಿಕಟ್ಟು ಹಿಡಿದ. ಸುಮ್ನೆ ತೋರಿಕೆಗೆ ಹಿಡಿದದ್ದಲ್ಲ. ಹಿರಿಯರ ಕೈ ಬೆರಳ ತುದಿ ಕೆಂಪಾಗಿದ್ದು ನಾನು ಕೂತಲ್ಲಿಂದಲೇ ಕಾಣುತ್ತಿತ್ತು.

ಹಿರಿಯರು ಅವಸರ ಮಾಡಲಿಲ್ಲ. ಐದೂ ಬೆರಳು ಅಗಲಿಸಿದರು. ಭುಜ ಏರಲಿಲ್ಲ, ಉಸಿರು ಏರಲಿಲ್ಲ. ಮೊಣಕೈ ಸ್ವಲ್ಪ ಮುಂದೆ ಹೋಯಿತು ಅಷ್ಟೇ. ಹಿಡಿದವನ ಹೆಬ್ಬೆರಳಿನ ಕಡೆಯಿಂದ ಕೈ ಜಾರಿ ಹೊರಬಂತು. ಬಂದ ಕೈಯೇ ಮುಷ್ಟಿಯಾಗಿ ಯುವಕನ ಎರಡು ಕಣ್ಣುಗಳ ನಡುವೆ ಹೋಗಿ ನಿಂತಿತು. ಜೊತೆಗೆ ಹೊಟ್ಟೆಯಿಂದ ಬಂದ ಒಂದು ಕೂಗು. ಮುಷ್ಟಿಗೂ ಹಣೆಗೂ ಮಧ್ಯೆ ಉಗುರಿನಷ್ಟು ಜಾಗ. ಯುವಕ ಕಣ್ಣು ಮಿಟುಕಿಸಲಿಲ್ಲ. ಅಲ್ಲಿಂದ ಅವನ ತೋಳು ತಿರುಗಿತು, ಮೈ ತಿರುಗಿತು, ಹಿರಿಯರು ಹಿಂದಿನಿಂದ ಅಂಗಿಯ ಕಾಲರ್ ಎಳೆದು ಕುತ್ತಿಗೆ ಬಿಗಿದರು. ಯುವಕ ತೊಡೆ ತಟ್ಟಿದ. ಬಿಟ್ಟರು. ಬಿಟ್ಟ ಮೇಲೂ ಹಿರಿಯರ ಕಣ್ಣು ಅವನನ್ನು ಬಿಡಲಿಲ್ಲ. ಮಂಡಿಯ ಮೇಲೇ ಹಿಂದೆ ಸರಿದು, ಮೊದಲಿನ ಜಾಗಕ್ಕೆ ಬಂದು ಕೂರುವವರೆಗೂ ನೋಟ ಅಲ್ಲೇ ಇತ್ತು.

‘ಅಣ್ಣಾ, ಕಾಲು ನೋಡು,’ ಅಂದಳು ತಂಗಿ.

ನಾನು ಕೈ ನೋಡುತ್ತಿದ್ದೆ, ಅವಳು ಕಾಲು ನೋಡಿದ್ದಳು. ಇಬ್ಬರೂ ಪಾದ ಚಾಚಿ ಕೂತಿರಲಿಲ್ಲ. ಕಾಲ್ಬೆರಳು ಮಡಚಿ ನೆಲಕ್ಕೆ ಊರಿದ್ದರು. ಆ ಥರ ಕೂತರೆ ಯಾವ ಕ್ಷಣದಲ್ಲೂ ಏಳಬಹುದು, ಯಾವ ದಿಕ್ಕಿಗೂ ತಿರುಗಬಹುದು. ಏನೂ ಗೊತ್ತಿಲ್ಲದವಳು ಮೊದಲ ಐದು ನಿಮಿಷದಲ್ಲಿ ಅದನ್ನು ಹಿಡಿದಳಲ್ಲ ಅಂತ ನನಗೆ ಬಹಳ ಖುಷಿಯಾಯಿತು.

ನಾನು ಅವಳಿಗೆ ಹೇಳಿದೆ, ಇನ್ನು ಮುಂದೆ ಗೆಲ್ಲುವವರನ್ನು ನೋಡಬೇಡ, ಬೀಳುವವರನ್ನೇ ನೋಡು ಅಂತ. ಹಳೆಯ ಪಂಥಗಳ ಪ್ರದರ್ಶನದಲ್ಲಿ ನಿಜವಾದ ಭಾರ ಹೊರುವವರು ಅವರೇ. ಅವರು ಹಿಡಿದ ಹಿಡಿತ ಸುಳ್ಳಾದರೆ ಬಿಡಿಸಿಕೊಂಡದ್ದೂ ಸುಳ್ಳು. ಅವರ ಕತ್ತಿ ತಲೆಯ ಮೇಲೆ ಬರದೆ ಪಕ್ಕದಲ್ಲಿ ಹೋದರೆ ಎದುರಿನವರು ಪಕ್ಕಕ್ಕೆ ಸರಿದದ್ದಕ್ಕೆ ಅರ್ಥವೇ ಇಲ್ಲ. ಅವರಿಗೆ ತಾನು ಬೀಳುತ್ತೇನೆ ಅಂತ ಗೊತ್ತು. ಆದರೂ ಬೀಳುವ ಕ್ಷಣದವರೆಗೆ ಗೆಲ್ಲಲು ಬಂದವರ ಹಾಗೇ ಬರಬೇಕು. ಒಂದು ಚೂರು ಮೊದಲೇ ಮೈ ಸಡಿಲ ಬಿಟ್ಟರೆ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಹುಲ್ಲಿನ ಮೇಲೆ ಕೂತವರಲ್ಲಿ ಅರ್ಧಕ್ಕರ್ಧ ಜನ ಹಾಗೆ ನೋಡಬಲ್ಲವರೇ. ಕಿವಿ ಮುರುಟಿದ ಜೂಡೊ ಪಟುಗಳು, ಅಯ್ಕಿದೊ ಕಲಿಯುವ ಹೆಂಗಸರು, ಯುರೋಪು, ಅಮೆರಿಕದಿಂದ ಬಂದವರು.

ಮಧ್ಯಾಹ್ನದ ಹೊತ್ತಿಗೆ ರಕ್ಷಾಕವಚ ತೊಟ್ಟವರು ಬಂದರು. ಯಾಗ್ಯು ಶಿಂಗಾನ್-ರ್ಯು ಪಂಥದವರು. ಕವಚ ಒಂದೊಂದೂ 20 ಕೆಜಿ ಆಸುಪಾಸು ಇರುತ್ತದೆ. ನಡೆದರೆ ಅರಗು ಬಳಿದ ಪಟ್ಟಿಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತವೆ. ಜೂಡೊ ಕಣ್ಣಿಗೆ ಇವರ ಚಲನೆ ವಿಚಿತ್ರ. ಸೊಂಟ ಬಳಸಿ ನಯವಾಗಿ ಎತ್ತುವ ಆಟವೇ ಇಲ್ಲ. ತೋಳನ್ನು ಇಡಿಯಾಗಿ ಬೀಸುತ್ತಾರೆ, ಮೈಯನ್ನೇ ತೂಕದ ಕಲ್ಲಿನ ಹಾಗೆ ಮುಂದೆ ಹಾಕುತ್ತಾರೆ. ಕವಚ ತೊಟ್ಟವನ ಅಂಗಿ ಹಿಡಿಯಲು ಬಾರದು, ಎದೆಗೆ ಗುದ್ದಿದರೆ ಗುದ್ದಿದವರಿಗೇ ನೋವು. ಹಾಗಾಗಿ ಅವನ ಸಮತೋಲ ಕೆಡಿಸಬೇಕು, ಶಿರಸ್ತ್ರಾಣದ ಅಂಚು ಹಿಡಿದು ಕುತ್ತಿಗೆ ಬಗ್ಗಿಸಬೇಕು, ಕೆಡವಿ ಸಣ್ಣ ಕತ್ತಿಗೆ ಕವಚದ ಸಂದು ಹುಡುಕಬೇಕು.

ಆಮೇಲೆ ಕವಚವಿಲ್ಲದೆ ಅದೇ ಪಂಥದ ವರಸೆ. ಕೆಡವಿಸಿಕೊಂಡವನು ನಿಂತಲ್ಲೇ ಹಿಮ್ಮುಖವಾಗಿ ಪಲ್ಟಿ ಹೊಡೆದು ಕಾಲ ಮೇಲೆ ಇಳಿದ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಸರ್ಕಸ್ ಅಲ್ಲ ಅದು. ಹಾಗೆ ತಿರುಗದಿದ್ದರೆ ತಲೆ ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಕುತ್ತಿಗೆ ಮುರಿಯುತ್ತದೆ. ಬದುಕಲು ಇರುವ ದಾರಿ ಅದೊಂದೇ. ಕೆಂಪು ಕಿಮೊನೊ ತೊಟ್ಟ ಒಬ್ಬ ಪುಟ್ಟಿ, ಹಬ್ಬದ ಮಿಠಾಯಿಯ ಉದ್ದ ಚೀಲ ಹಿಡಿದುಕೊಂಡು, ಬಾಯಿ ತೆರೆದು ನಿಂತುಬಿಟ್ಟಿದ್ದಳು. ಅವಳ ಅಪ್ಪ ಎಷ್ಟು ಕರೆದರೂ ಅಲ್ಲಾಡಲಿಲ್ಲ.

ನಮ್ಮ ಪಕ್ಕ ಕೂತಿದ್ದ ಯುವಕ ಬ್ರೆಜಿಲಿಯನ್ ಜಿಯು-ಜಿಟ್ಸು ಆಡುವವನು. ರಿಯೊದವನಂತೆ. ಕೊಡೊಕಾನ್‌ನ ಮಾಯೆದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಬಿತ್ತಿದ ಬೀಜದ ಫಸಲು ಅದು. ಇಂಗ್ಲಿಷಿನಲ್ಲಿ ಮಾತಾಡಿದೆವು. ನಿಮ್ಮ ಆಟದಲ್ಲಿ ಎಲ್ಲವನ್ನೂ ಎದುರಾಳಿಯ ಮೇಲೆ ಪರೀಕ್ಷೆ ಮಾಡಿಯೇ ನಂಬುತ್ತೀರಲ್ಲ, ಇಲ್ಲಿ ಏನು ಸಿಗುತ್ತದೆ ಅಂತ ಕೇಳಿದೆ. ಅವನು ಎರಡನೇ ಸಲ ಬಂದದ್ದಂತೆ. ನಾವು ಮ್ಯಾಟ್ ಮೇಲೆ ಎದುರಾಳಿಯ ಸೊಂಟದಲ್ಲಿ ಚಾಕು ಇದೆ ಅಂತ ಯೋಚಿಸುವುದೇ ಇಲ್ಲ, ಇಲ್ಲಿ ನೋಡಿ ಹೋದ ಮೇಲೆ ನನ್ನ ಕೈ ತಾನಾಗಿ ಎದುರಾಳಿಯ ಬಲಗೈ ಹುಡುಕಲು ಶುರು ಮಾಡಿತು ಅಂದ. ಸರಿಯಾದ ಮಾತು. ಜುಜುತ್ಸುವಿನ ಎಷ್ಟೋ ಪಟ್ಟುಗಳಲ್ಲಿ ಒಂದು ಕೈ ಯಾವಾಗಲೂ ಎದುರಾಳಿಯ ಕತ್ತಿಯ ಹಿಡಿಯ ಹತ್ತಿರವೇ ಇರುತ್ತದೆ. ಜೂಡೊದಲ್ಲಿ ನಾವು ತೋಳು ಹಿಡಿಯುವ ಅಭ್ಯಾಸದ ಹಿಂದೆಯೂ ಆ ನೆನಪು ಇದೆ ಅಂತ ನನ್ನ ನಂಬಿಕೆ.

ಮುಗಿಯುವಾಗ ನೆರಳು ಉದ್ದವಾಗಿತ್ತು. ಬೆನ್ನು ಹಿಡಿದಿತ್ತು, ಎದ್ದು ಹೋಗಲು ಮನಸ್ಸಿರಲಿಲ್ಲ.

ನವೆಂಬರ್ 4, ರೈಲಿನಲ್ಲಿ

ಟೋಕಿಯೊದಿಂದ ಒಕಾಯಾಮಾಗೆ ಬುಲೆಟ್ ರೈಲಿನಲ್ಲಿ ಮೂರೂ ಕಾಲು ಗಂಟೆ. ಬಲಗಡೆ ಕಿಟಕಿ ಹಿಡಿದರೆ ಫುಜಿ ಬೆಟ್ಟ ಕಾಣುತ್ತದೆ. ಕಂಡಿತು, ತಲೆಯ ಮೇಲೆ ಹಿಮ ಇಟ್ಟುಕೊಂಡು.

ಫುಜಿ ದಾಟಿದ ಮೇಲೆ ತಂಗಿ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು. ‘ಅಣ್ಣಾ, ಬೇಜಾರು ಮಾಡ್ಕೋಬೇಡ. ಮುಂದೇನಾಗುತ್ತೆ ಅಂತ ಇಬ್ಬರಿಗೂ ಗೊತ್ತಲ್ವಾ? ಹಾಗಿದ್ರೆ ಅದು ಹೊಡೆದಾಟ ಹೇಗಾಗುತ್ತೆ?’

ಬೇಜಾರಿನ ಮಾತೇನಿಲ್ಲ. ಎಲ್ಲರೂ ಕೇಳುವ ಪ್ರಶ್ನೆ ಇದು. ಜೂಡೊ ಕಲಿಯುವ ಹುಡುಗರೂ ಕೇಳುತ್ತಾರೆ. ನಾನು ಹೇಳಿದ್ದು ಇಷ್ಟು. ಪಂದ್ಯದಲ್ಲಿ ಕಣ್ಣು ಕುತ್ತುವಂತಿಲ್ಲ, ಬೆರಳು ಮುರಿಯುವಂತಿಲ್ಲ, ಕತ್ತಿ ತರುವಂತಿಲ್ಲ. ಹಾಗೆ ಕಟ್ಟು ಹಾಕಿದ್ದರಿಂದಲೇ ಕಾನೊ ಅವರ ಶಿಷ್ಯರು ಪೂರ್ತಿ ಬಲ ಹಾಕಿ ಪರಸ್ಪರ ಸೆಣಸಲು ಆಯಿತು. ಅದು ದೊಡ್ಡ ಲಾಭ. ಆದರೆ ತೆಗೆದಿಟ್ಟ ಆ ಅಪಾಯದ ಭಾಗಕ್ಕೂ ಒಂದು ಅಭ್ಯಾಸ ಬೇಕಲ್ಲ. ಅದನ್ನು ನಿಜವಾಗಿ ಮಾಡಿದರೆ ದಿನಕ್ಕೊಬ್ಬ ಶಿಷ್ಯ ಕಮ್ಮಿಯಾಗುತ್ತಾನೆ. ಹಾಗಾಗಿ ಯಾರು ಹೇಗೆ ಬರಬೇಕು, ಯಾರು ಎಲ್ಲಿ ಬೀಳಬೇಕು ಅಂತ ಮೊದಲೇ ಕಟ್ಟಿಟ್ಟ ವರಸೆ. ಕ್ರಮ ಗೊತ್ತಿದ್ದರೂ ವೇಗ ಗೊತ್ತಿಲ್ಲ, ಅಂತರ ಗೊತ್ತಿಲ್ಲ, ಈ ಕ್ಷಣ ಬರುತ್ತಾನಾ ಮುಂದಿನ ಕ್ಷಣವಾ ಅನ್ನೋದು ಗೊತ್ತಿಲ್ಲ. ಕಲಿಯೋದೆಲ್ಲ ಅಲ್ಲೇ ಇದೆ.

‘ಅಂದ್ರೆ ನಿನ್ನೆ ಆ ಅಜ್ಜಂಗೆ ಆ ಹುಡುಗ ನಿಜವಾಗ್ಲೂ ಹಿಡಿದಿದ್ದ?’

‘ಬೆರಳು ಕೆಂಪಾಗಿದ್ದು ನೋಡಲಿಲ್ವಾ?’

ಇನ್ನೊಂದು ಸಂಗತಿ ಅವಳಿಗೆ ಹೇಳಲಿಲ್ಲ, ಹೇಳಿದರೆ ಉದ್ದವಾಗುತ್ತಿತ್ತು. ಅದೇ ವರಸೆಯನ್ನು ಪ್ರತಿ ಸಲ ನೋಡಿದಾಗಲೂ ನನಗೆ ಕಾಣುವುದು ಬೇರೆ. ಕಲಿಯಲು ಶುರು ಮಾಡಿ ಬಿಳಿ ಪಟ್ಟಿ ಕಟ್ಟಿದ್ದಾಗ ನೋಡಿದ್ದರೆ ಎಸೆತ ಮಾತ್ರ ಕಾಣುತ್ತಿತ್ತು. ಕೆಲವು ವರ್ಷ ಉಜ್ಜಿದ ಮೇಲೆ ಕಾಲಿನ ಜಾಗ ಕಾಣುತ್ತದೆ. ಮಕ್ಕಳಿಗೆ ಕಲಿಸಲು ಶುರು ಮಾಡಿದ ಮೇಲೆ ಇಬ್ಬರ ಮಧ್ಯದ ನಂಬಿಕೆ ಕಾಣುತ್ತಿದೆ. ವರಸೆ ಬದಲಾಗಿಲ್ಲ. ಪಂದ್ಯದ ವಿಡಿಯೊ ಒಂದೆರಡು ಸಲ ನೋಡಿದರೆ ಫಲಿತಾಂಶ ತಿಳಿದು ಅರ್ಧ ರುಚಿ ಹೋಗುತ್ತದೆ. ಇದರಲ್ಲಿ ಫಲಿತಾಂಶ ಮೊದಲಿಂದಲೇ ಗೊತ್ತು, ಹಾಗಾಗಿ ರುಚಿ ಕೆಡುವ ಮಾತೇ ಇಲ್ಲ. ಸಮರ ಕಲೆ ಕಲಿತವರು ಮತ್ತೆ ಮತ್ತೆ ಬರುವುದಕ್ಕೆ ನನಗೆ ಗೊತ್ತಿರುವ ಕಾರಣ ಇದು.

ಒಕಾಯಾಮಾದಲ್ಲಿ ಇಳಿದು, ಸ್ಟೇಷನ್ ಹತ್ತಿರವೇ ರೂಮು ಹಿಡಿದು, ಉಡೊನ್ ನೂಡಲ್ಸ್ ತಿಂದು ಮಲಗಿದೆವು. ತಂಗಿ ಮಾಂಸ ತಿನ್ನುವುದಿಲ್ಲ. ಸಾರಿನಲ್ಲಿ ಮೀನು ಇಲ್ಲದ ಅಂಗಡಿ ಹುಡುಕಲು ಒಂದು ಗಂಟೆ ಹಿಡಿಯಿತು.

ನವೆಂಬರ್ 5, ತಾಕೆಬೆ

ಒಕಾಯಾಮಾದಿಂದ ತ್ಸುಯಾಮಾ ಲೈನಿನ ಡೀಸೆಲ್ ರೈಲು. ಅಸಾಹಿ ನದಿ ಜೊತೆಗೇ ಬರುತ್ತದೆ. ತಾಕೆಬೆ ಸ್ಟೇಷನ್ 1900ರ ಕಾಲದ್ದು, ಮರದ ಕಟ್ಟಡ. ಗುಡ್ಡ, ಕೊಯ್ಲು ಮುಗಿದ ಗದ್ದೆ, ಎಲೆ ಉದುರಿದ ಮರಗಳಲ್ಲಿ ಕಿತ್ತಳೆ ಬಣ್ಣದ ಪರ್ಸಿಮನ್ ಹಣ್ಣು. ಈ ಕಡೆಯ ಗುಡ್ಡಗಾಡಿನಲ್ಲೇ ತಾಕೆನೌಚಿ-ರ್ಯು ಹುಟ್ಟಿದ್ದು, ಇವತ್ತಿಗೂ ಮನೆತನದ ತವರು ಇಲ್ಲೇ. ಇಂದು ಬದುಕಿರುವ ಜುಜುತ್ಸು ಪಂಥಗಳಲ್ಲಿ ಇದನ್ನೇ ಎಲ್ಲಕ್ಕಿಂತ ಹಳೆಯದು ಅನ್ನುತ್ತಾರೆ.

ಮನೆತನ ಹೇಳಿಕೊಂಡು ಬಂದ ಕತೆ ಹೀಗಿದೆ. ಮಿಮಾಸಾಕಾ ಸೀಮೆಯಲ್ಲಿ ತಾಕೆನೌಚಿ ಹಿಸಾಮೊರಿ ಅನ್ನುವ ಕೋಟೆಯ ಒಡೆಯ ಇದ್ದ. 1532ರಲ್ಲಿ ಸನ್ನೊಮಿಯಾ ಗುಡಿಯ ಹತ್ತಿರದ ಕಾಡಿಗೆ ಹೋಗಿ ಉಪವಾಸ ಕೂತ. ಹಗಲೆಲ್ಲ ಮರದ ಕತ್ತಿ ಹಿಡಿದು ಮರಕ್ಕೆ ಬಾರಿಸುತ್ತ ಅಭ್ಯಾಸ. ಆರನೇ ದಿನ ದಣಿದು, ಕತ್ತಿಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದಾಗ ಒಬ್ಬ ಬಿಳಿಗೂದಲ ಬೆಟ್ಟದ ಸಾಧು ಬಂದ. ಹಿಸಾಮೊರಿ ಮೇಲೆ ಬಿದ್ದರೆ ಸಾಧು ಸುಲಭವಾಗಿ ಅದುಮಿಬಿಟ್ಟ. ಉದ್ದ ಕತ್ತಿಯಿಂದ ಪ್ರಯೋಜನವಿಲ್ಲ ಅಂದು, ಎರಡು ಅಡಿಗಿಂತ ಉದ್ದವಿದ್ದ ಆ ಮರದ ಕತ್ತಿಯನ್ನು ನಡುವೆ ತುಂಡು ಮಾಡಿದ. ಚಿಕ್ಕ ಆಯುಧ ಹಿಡಿದು ಹತ್ತಿರದಿಂದ ಸೆಣಸುವ ಐದು ಪಟ್ಟು ಹೇಳಿಕೊಟ್ಟ. ಬಳ್ಳಿಯೊಂದನ್ನು ಎಳೆದು ಸೆರೆ ಸಿಕ್ಕವನನ್ನು ಕಟ್ಟುವ ರೀತಿಯನ್ನೂ ತೋರಿಸಿ, ಗಾಳಿ ಮಿಂಚುಗಳ ನಡುವೆ ಮಾಯವಾದ.

ಸಾಧುವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಈ ಕತೆಯೊಳಗಿನ ಕುಶಲ ಮಾತ್ರ ಗಟ್ಟಿ. ಜುಜುತ್ಸು ಅಂದರೆ ಬರಿಗೈ ಅಂತ ನಾವು ಅಂದುಕೊಂಡಿದ್ದೇವೆ. ಹುಟ್ಟಿದಾಗ ಅದು ಚಿಕ್ಕ ಕತ್ತಿ ಮತ್ತು ಹಗ್ಗದ ಕಲೆ. ಊರೂರೂ ಯುದ್ಧದಲ್ಲಿದ್ದ ಕಾಲದಲ್ಲಿ ಯಾರು ಬರಿಗೈಯಲ್ಲಿ ಓಡಾಡುತ್ತಿದ್ದರು? ಮೈಗೆ ಮೈ ತಾಗಿದ ಮೇಲೆ ಉದ್ದ ಕತ್ತಿ ಬೀಸಲು ಜಾಗವಿರುವುದಿಲ್ಲ. ಆಗ ಹಿಡಿಯಬೇಕು, ಕೆಡವಬೇಕು, ಚಿಕ್ಕ ಕತ್ತಿ ಬಳಸಬೇಕು, ಇಲ್ಲವೇ ಜೀವಂತ ಕಟ್ಟಿ ತರಬೇಕು. ಬರಿಗೈ ಪಟ್ಟುಗಳ ಭಾಗ ಹೆಚ್ಚಿದ್ದು ನಾಡಿನಲ್ಲಿ ಶಾಂತಿ ನೆಲೆಸಿದ ಮೇಲೆ. ಹಿಸಾಮೊರಿಯ ವಂಶದವರು ಮುಂದೆ 1620ರಲ್ಲಿ ಗೊ-ಮಿಜುನೊಓ ಚಕ್ರವರ್ತಿಯ ಮುಂದೆ ಪ್ರದರ್ಶನ ಕೊಟ್ಟು ಬಿರುದು ಪಡೆದರು. ಜುಜುತ್ಸು ಪ್ರದರ್ಶನ ಅನ್ನುವುದಕ್ಕೆ ಕನಿಷ್ಠ 400 ವರ್ಷದ ಇತಿಹಾಸ ಇದೆ ಅಂತಾಯಿತು.

ನಾವು ಯಾರ ಬಾಗಿಲನ್ನೂ ತಟ್ಟಲಿಲ್ಲ. ಮೊದಲೇ ಹೇಳದೆ ಹೋಗಿ ಅಭ್ಯಾಸ ತೋರಿಸಿ ಅನ್ನುವುದು ಚೆಂದವಲ್ಲ. ಕಣಿವೆಯ ದಾರಿಯಲ್ಲಿ ಸುಮ್ನೆ ನಡೆದೆವು. ತೋಟದ ಬೇಲಿ ಪಕ್ಕ ಹಣ್ಣು ಕೀಳುತ್ತಿದ್ದ ಅಜ್ಜಿಯೊಬ್ಬರು ಎಲ್ಲಿಂದ ಬಂದಿರಿ ಅಂತ ಕೇಳಿದರು. ತಂಗಿ ಭಾರತದಿಂದ, ಜುಜುತ್ಸು ಊರು ನೋಡಲು ಅಂದಳು. ಅಜ್ಜಿ ನಕ್ಕು, ಚಿಕ್ಕಂದಿನಲ್ಲಿ ತಮ್ಮ ಅಣ್ಣನೂ ಕಲಿಯಲು ಹೋಗುತ್ತಿದ್ದ, ಮನೆಗೆ ಬಂದು ನನ್ನನ್ನೇ ಹಗ್ಗದಲ್ಲಿ ಕಟ್ಟಿಹಾಕುತ್ತಿದ್ದ ಅಂದರು. ಎರಡು ಹಣ್ಣು ಕೊಟ್ಟರು. ಬೇಡ ಅಂದರೆ ಇನ್ನೆರಡು ಸೇರಿಸಿದರು.

ನವೆಂಬರ್ 6, ಕ್ಯೋಟೊ

ಒಕಾಯಾಮಾದಿಂದ ಕ್ಯೋಟೊ ಒಂದು ಗಂಟೆಯ ದಾರಿ. ದೇವಸ್ಥಾನಗಳ ಊರಿಗೆ ಬಂದು ನಾನು ಒಂದೂ ದೊಡ್ಡ ದೇವಸ್ಥಾನ ನೋಡದೆ ನೇರ ಬುತೊಕುದೆನ್‌ಗೆ ಹೊರಟದ್ದಕ್ಕೆ ತಂಗಿ ಮುಖ ಸಣ್ಣ ಮಾಡಿಕೊಂಡಳು. ಸಂಜೆ ಕಿಯೊಮಿಜು ಗುಡಿಗೆ ಕರೆದೊಯ್ಯುವ ಒಪ್ಪಂದವಾಯಿತು.

ಹೆಯಾನ್ ಜಿಂಗೂ ಗುಡಿಯ ಪಕ್ಕದಲ್ಲಿರುವ ಬುತೊಕುದೆನ್ 1899ರಲ್ಲಿ ಕಟ್ಟಿದ ಮರದ ಅಂಕಣ. ಎತ್ತರದ ಮಾಡು, ನುಣುಪಾದ ಹಲಗೆ ನೆಲ, ದೊಡ್ಡವರು ಕೂತು ನೋಡಲು ಒಂದು ಕಟ್ಟೆ. 1895ರಲ್ಲಿ ಶುರುವಾದ ದಾಯ್ ನಿಪ್ಪಾನ್ ಬುತೊಕುಕಾಯ್ ಸಂಸ್ಥೆ ಇದನ್ನು ಕಟ್ಟಿಸಿತು. ದೇಶದ ಎಲ್ಲ ಪಂಥಗಳೂ ಇಲ್ಲಿ ಬಂದು ತಮ್ಮ ವಿದ್ಯೆ ತೋರಿಸುತ್ತಿದ್ದವು.

ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿದ್ದ ಜಾಗ ಇದೇ. 1906ರಲ್ಲಿ ಈ ಸಂಸ್ಥೆ ಜುಜುತ್ಸು ಹಿರಿಯರನ್ನು ಕ್ಯೋಟೊಗೆ ಕರೆಸಿತು. ಎಲ್ಲರಿಗೂ ಒಪ್ಪುವ ವರಸೆಗಳನ್ನು ಕಟ್ಟಿಕೊಡಿ ಅಂತ ಕೇಳಿತು. ಅಧ್ಯಕ್ಷರು ಕಾನೊ. ಅವರ ಜೊತೆ ಯೊಶಿನ್-ರ್ಯುವಿನ ತೊತ್ಸುಕಾ ಹಿದೆಮಿ, ಕುಮಾಮೊತೊ ಕಡೆಯ ಹೊಶಿನೊ ಕುಮೊನ್. ತೊತ್ಸುಕಾ ಕಡೆಯವರಿಗೂ ಕೊಡೊಕಾನ್‌ಗೂ 1880ರ ದಶಕದಲ್ಲಿ ಪೊಲೀಸ್ ಇಲಾಖೆಯ ಪಂದ್ಯಗಳಲ್ಲಿ ಜಿದ್ದಾಜಿದ್ದಿ ನಡೆದಿತ್ತು. ಆ ಎರಡು ಕಡೆಯವರು ಒಂದೇ ಕೋಣೆಯಲ್ಲಿ ಕೂತರು. ಸುಮಾರು ಒಂದು ವಾರದಲ್ಲಿ ಕೆಲಸ ಮುಗಿಸಿದರು. ಇವತ್ತಿಗೂ ಜೂಡೊದಲ್ಲಿ ಕಲಿಸುವ ಕಿಮೆ-ನೊ-ಕಟಾ ಅನ್ನುವ ವರಸೆ ಆಗ ಗಟ್ಟಿಯಾದದ್ದು. ಅದರಲ್ಲಿ 20 ಪಟ್ಟು. ಮಂಡಿಯೂರಿ 8, ನಿಂತು 12. ಗುದ್ದು ಬರುತ್ತದೆ, ಒದೆ ಬರುತ್ತದೆ, ಚಿಕ್ಕ ಕತ್ತಿ ಬರುತ್ತದೆ, ಕೊನೆಗೆ ಉದ್ದ ಕತ್ತಿಯೂ ಬರುತ್ತದೆ. ಮೊದಲ ಪಟ್ಟೇ ಎರಡೂ ಮಣಿಕಟ್ಟು ಹಿಡಿಯುವುದು. ಮೇಯ್ಜಿ ಜಿಂಗೂ ಹುಲ್ಲಿನ ಮೇಲೆ ಆ ಹಿರಿಯರು ಬಿಡಿಸಿಕೊಂಡ ಪಟ್ಟಿಗೆ ಅದು ತಮ್ಮನೇ.

1945ರ ಸೋಲಿನ ನಂತರ ಸಮರ ಕಲೆಗಳಿಗೆ ನಿರ್ಬಂಧ ಬಂತು. 1946ರಲ್ಲಿ ಬುತೊಕುಕಾಯ್ ಮುಚ್ಚಿಹೋಯಿತು. ಪಂಥಗಳು ಮನೆಗಳೊಳಗೆ, ಒಬ್ಬಿಬ್ಬರು ಶಿಷ್ಯರ ಜೊತೆ ಉಸಿರು ಹಿಡಿದುಕೊಂಡಿದ್ದವು. ಪಂದ್ಯ ಆಡಬಲ್ಲ ಜೂಡೊ, ಕತ್ತಿವರಸೆಯ ಕೆಂದೊಗಳು ಬೇಗ ಎದ್ದು ನಿಂತವು. ಪಂದ್ಯವಿಲ್ಲದ ಹಳೆಯ ಪಂಥಗಳಿಗೆ ಜನರ ಮುಂದೆ ಬರಲು ಪ್ರದರ್ಶನ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1979ರಲ್ಲಿ ನಿಹೊನ್ ಕೊಬುದೊ ಕ್ಯೋಕಾಯ್ ಅನ್ನುವ ಹಳೆಯ ಸಮರ ಕಲೆಗಳ ಸಂಘ ಆದ ಮೇಲೆ ಅವಕ್ಕೆ ವರ್ಷಕ್ಕೊಂದು ದೊಡ್ಡ ವೇದಿಕೆ ಸಿಕ್ಕಿತು. ಅಷ್ಟಾದರೂ ಕೆಲವು ಪಂಥಗಳಲ್ಲಿ ಈಗ ಪೂರ್ತಿ ಬಲ್ಲವರು ಬೆರಳೆಣಿಕೆಯಷ್ಟೇ. ಒಂದು ಪಂಥ ಉಳಿಯಲು ಗುರು ಒಬ್ಬರಿದ್ದರೆ ಸಾಲದು. ಅವರ ಎದುರು ಕೂತು ಸರಿಯಾಗಿ ಹಿಡಿಯುವವರು, ಸರಿಯಾಗಿ ಬೀಳುವವರು ಇನ್ನೊಬ್ಬರು ಬೇಕೇ ಬೇಕು.

ಹತ್ತಿರದ ಅಂಗಡಿಯೊಂದರಲ್ಲಿ ಮಕ್ಕಳ ತರಗತಿಗೆ ಓಕ್ ಮರದ ಚಿಕ್ಕ ಕತ್ತಿ ಕೊಂಡೆ. ಡಿಸೆಂಬರಿನಿಂದ ದೊಡ್ಡ ಮಕ್ಕಳಿಗೆ ಕಿಮೆ-ನೊ-ಕಟಾದ ಮಂಡಿಯೂರಿದ ಎಂಟು ಪಟ್ಟು ಶುರು ಮಾಡುತ್ತೇನೆ. ಇಷ್ಟು ದಿನ ಕೆಡವುವವರ ಕಡೆಯಿಂದ ಕಲಿಸುತ್ತಿದ್ದೆ. ಈ ಸಲ ಮೊದಲ ವಾರವೆಲ್ಲ ಹಿಡಿಯುವವರ ಪಾಠ. ಮಣಿಕಟ್ಟನ್ನು ಹೇಗೆ ನಿಜವಾಗಿ ಹಿಡಿಯಬೇಕು, ಕತ್ತಿಯನ್ನು ನೇರ ಹೊಟ್ಟೆಗೆ ಹೇಗೆ ತರಬೇಕು, ಬೀಳುವವರೆಗೂ ಹೇಗೆ ಬಿಡಬಾರದು.

ನೋಡಲು ಹೋಗಬೇಕು ಅನ್ನುವವರಿಗೆ ಒಂದೆರಡು ಮಾತು. ನವೆಂಬರ್ 3ರ ಮೇಯ್ಜಿ ಜಿಂಗೂ ಪ್ರದರ್ಶನ ಬಯಲಲ್ಲಿ, ಪುಕ್ಕಟೆ. ಕೂರಲು ಒಂದು ಚಾಪೆ, ತಲೆಗೆ ಟೋಪಿ ಇರಲಿ. ಫೆಬ್ರವರಿಯ ಬುದೊಕಾನ್ ಪ್ರದರ್ಶನ ಒಳಾಂಗಣದಲ್ಲಿ. ಪಂಥಗಳು ಒಂದರ ನಂತರ ಒಂದು ಬರುತ್ತವೆ, ಯಾವುದೂ ತಪ್ಪುವುದಿಲ್ಲ. ಮೇ ತಿಂಗಳ ಶುರುವಿನಲ್ಲಿ ಕ್ಯೋಟೊದ ಶಿಮೊಗಾಮೊ ಗುಡಿಯಲ್ಲೂ ನಡೆಯುತ್ತದೆ. ಮುಂದಿನ ಸಲ ನನ್ನ ಕಣ್ಣು ಅದರ ಮೇಲಿದೆ, ತಂಗಿ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ. ಮರದ ಕತ್ತಿ ಕೊಂಡರೆ ಮಾತ್ರ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್-ಇನ್ ಲಗೇಜಿಗೇ ಹಾಕಿ.